ವಿದೇಶ ವ್ಯಾಸಂಗ: ಸಿದ್ಧತೆ ಎಂದರೆ ವೀಸಾ ಮಾತ್ರವಲ್ಲ

(ಪಿಯುಸಿ ವಿದ್ಯಾರ್ಥಿಗಳು ಹಾಗೂ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿದೇಶ ಎಂಬುದು ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಿಗೆ ಹೊಸ ಪದವಲ್ಲ. ವೀಸಾ, ಎಮಿಗ್ರೇಶನ್, ಇಖಾಮಾ ಮುಂತಾದ ಪದಗಳು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯಂದಿರಿಗೂ ಗೊತ್ತು. ಆದರೆ ತಂದೆ ದುಡಿಯಲು ಹೋದ ವಿದೇಶಕ್ಕೂ ಮಗ ಅಥವಾ ಮಗಳು ಕಲಿಯಲು ಹೋಗುವ ವಿದೇಶಕ್ಕೂ ಬಹಳ ಅಂತರವಿದೆ. ದುಡಿಯಲು ಹೋಗುವಾಗ ನಾವು ಪಾಸ್‌ಪೋರ್ಟನ್ನು ಏಜೆಂಟನ ಕೈಗೆ ಕೊಟ್ಟು ಕಾದು ಕುಳಿತೆವು. ವೀಸಾ ಬಂದರೆ ಹೋದೆವು, ಬಾರದಿದ್ದರೆ ಇನ್ನೊಬ್ಬ ಏಜೆಂಟನನ್ನು ಹುಡುಕಿದೆವು. ಮೂರು ತಲೆಮಾರುಗಳ ಈ ಅಭ್ಯಾಸವನ್ನು ನಾವು ಶಿಕ್ಷಣಕ್ಕೂ ಹಾಗೆಯೇ ಕೊಂಡೊಯ್ದಿದ್ದೇವೆ. ಎರಡನೇ ಪಿಯುಸಿ ಫಲಿತಾಂಶ ಬಂದ ಮರುವಾರ ಹೆತ್ತವರು ಏಜೆಂಟನ ಕಚೇರಿಯಲ್ಲಿರುತ್ತಾರೆ. ಯಾವ ದೇಶ, ಯಾವ ವಿಶ್ವವಿದ್ಯಾನಿಲಯ, ಯಾವ ವಿಷಯ ಎಂಬುದನ್ನೆಲ್ಲ ಮೇಜಿನ ಆಚೆ ಕುಳಿತವನೇ ನಿರ್ಧರಿಸುತ್ತಾನೆ. ಹಣ ಮಾತ್ರ ಮೇಜಿನ ಈಚೆಯವರದ್ದು.

ಏಜೆಂಟರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ವಾಸ್ತವವನ್ನು ತಿಳಿದಿರಬೇಕು. ಬಹಳಷ್ಟು ಏಜೆಂಟರಿಗೆ ವಿದೇಶಿ ಕಾಲೇಜುಗಳೇ ಕಮಿಷನ್ ನೀಡುತ್ತವೆ. ಕಮಿಷನ್ ಕೊಡದ ಕಾಲೇಜಿನ ಹೆಸರು ಅವರ ಬಾಯಲ್ಲಿ ಬರುವುದು ಕಡಿಮೆ. ಇದಕ್ಕಿಂತ ಕೆಟ್ಟದ್ದೂ ಸಂಭವಿಸಿದೆ. 2023ರಲ್ಲಿ ಕೆನಡಾದಲ್ಲಿ ಅನೇಕ ಭಾರತೀಯ ವಿದ್ಯಾರ್ಥಿಗಳಿಗೆ ಗಡೀಪಾರಿನ ಭೀತಿ ಎದುರಾಯಿತು. ಏಜೆಂಟ್ ಅವರಿಗೆ ಒದಗಿಸಿದ್ದ ಪ್ರವೇಶ ಪತ್ರಗಳು ನಕಲಿಯಾಗಿದ್ದವು. ಅವರಲ್ಲಿ ಹೆಚ್ಚಿನವರು ಪಂಜಾಬಿನ ಸಾಮಾನ್ಯ ಕುಟುಂಬಗಳ ಮಕ್ಕಳು. ಪ್ರವೇಶ ಪತ್ರ ನಿಜವೇ ಎಂದು ಕಾಲೇಜಿಗೆ ನೇರವಾಗಿ ಒಂದು ಇಮೇಲ್ ಕಳುಹಿಸಿದ್ದರೆ ಸತ್ಯ ಮೊದಲೇ ತಿಳಿಯುತ್ತಿತ್ತು. ಆ ಇಮೇಲ್ ಬರೆಯುವ ಸಾಮರ್ಥ್ಯ ಇಲ್ಲಿರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಇದೆ. ಇಲ್ಲದಿದ್ದರೆ ಮೊದಲು ಅದನ್ನು ಕಲಿಯಲಿ, ವಿಮಾನ ಆಮೇಲೆ.

ಶಿಕ್ಷಣದ ಸಭೆಗಳ ಬ್ಯಾನರುಗಳಲ್ಲಿ ವಿದ್ಯೆಗಾಗಿ ಚೀನಾಕ್ಕಾದರೂ ಹೋಗಿರಿ ಎಂಬ ಅರ್ಥದ ವಚನವೊಂದನ್ನು ಪ್ರವಾದಿಯವರ ಹೆಸರಿನಲ್ಲಿ ಬರೆಯುವುದು ರೂಢಿ. ಹದೀಸ್ ವಿದ್ವಾಂಸರು ಅದನ್ನು ದುರ್ಬಲವೆಂದಿದ್ದಾರೆ. ಇಬ್ನುಲ್ ಜೌಝಿಯಂತಹವರು ಅದನ್ನು ಸೃಷ್ಟಿತ ವರದಿಗಳ ಪಟ್ಟಿಯಲ್ಲೇ ಸೇರಿಸಿದ್ದಾರೆ. ಆ ವಚನದ ಆಸರೆ ನಮಗೆ ಬೇಕಾಗಿಯೂ ಇಲ್ಲ. ಇಮಾಮ್ ಬುಖಾರಿಯವರು ಹದಿನಾರರ ಹರೆಯದಲ್ಲಿ ತಾಯಿ ಮತ್ತು ಅಣ್ಣನ ಜೊತೆ ಹಜ್ಜ್‌ಗೆ ಹೊರಟರು. ಹಜ್ಜ್ ಮುಗಿದ ಬಳಿಕ ಅವರು ಕಲಿಕೆಗಾಗಿ ಅಲ್ಲಿಯೇ ಉಳಿದರು. ಹದಿನಾರು ಎಂದರೆ ನಮ್ಮ ಮೊದಲ ಪಿಯುಸಿಯ ವಯಸ್ಸು. ಆದರೆ ಆ ಹೊತ್ತಿಗಾಗಲೇ ಅವರು ತಮ್ಮ ಊರಿನ ವಿದ್ವಾಂಸರಿಂದ ಕಲಿಯಬಹುದಾದುದನ್ನು ಕಲಿತಿದ್ದರೆಂಬುದನ್ನು ಮರೆಯಬಾರದು. ನಮ್ಮಲ್ಲಿ ಕೆಲವರಾದರೋ ಊರಿನಲ್ಲಿ ಓದಲಾಗದ ಹುಡುಗನನ್ನು ವಿದೇಶಕ್ಕೆ ಕಳುಹಿಸುತ್ತೇವೆ! ಇಲ್ಲಿ ಪುಸ್ತಕ ಬಿಡಿಸದವನು ಅಲ್ಲಿ ಬಿಡಿಸುತ್ತಾನೆಂದು ನಮಗೆ ಯಾರು ಹೇಳಿದರು?

ವೈದ್ಯಕೀಯ ಶಿಕ್ಷಣದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ನಮ್ಮ ಕುಟುಂಬಗಳು ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಅಲ್ಲಿಯೇ. ಮಗ ಡಾಕ್ಟರಾಗಬೇಕು ಎಂಬುದು ತಂದೆಯ ಆಸೆ. ಇಲ್ಲಿ ಸರಕಾರಿ ಸೀಟು ಸಿಗುವುದಿಲ್ಲ, ಖಾಸಗಿ ಸೀಟಿನ ಬೆಲೆ ಕೈಗೆ ಎಟಕುವುದಿಲ್ಲ. ಆಗ ಜಾರ್ಜಿಯಾ, ಕಿರ್ಗಿಸ್ತಾನ್, ರಷ್ಯಾಗಳ ಜಾಹೀರಾತು ಕಣ್ಣಿಗೆ ಬೀಳುತ್ತದೆ. ನೀಟ್ ಅಗತ್ಯವಿಲ್ಲ ಎಂದು ಇಂದಿಗೂ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ವಿದೇಶದಲ್ಲಿ ಎಂಬಿಬಿಎಸ್ ಮಾಡಿ ಭಾರತದಲ್ಲಿ ವೃತ್ತಿ ನಡೆಸಬೇಕೆನ್ನುವವರಿಗೆ 2018ರಿಂದಲೇ ನೀಟ್ ಅರ್ಹತೆ ಕಡ್ಡಾಯ. 2021ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇನ್ನಷ್ಟು ಬಿಗಿಯಾದ ನಿಯಮಗಳನ್ನು ತಂದಿತು. ಕೋರ್ಸ್ ಕನಿಷ್ಠ 54 ತಿಂಗಳಿನದ್ದಾಗಿರಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು, ಇಡೀ ಶಿಕ್ಷಣ ಒಂದೇ ಸಂಸ್ಥೆಯಲ್ಲಿ ನಡೆಯಬೇಕು, ಅಲ್ಲಿಯೇ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಿರಬೇಕು. ಮಾತ್ರವಲ್ಲ, ಆ ಪದವಿಯಿಂದ ಆ ದೇಶದಲ್ಲೇ ವೈದ್ಯನಾಗಿ ಕೆಲಸ ಮಾಡುವ ಅರ್ಹತೆ ದೊರೆಯುವಂತಿರಬೇಕು. ಮರಳಿದ ಮೇಲೆ ಇಲ್ಲಿ ಅರ್ಹತಾ ಪರೀಕ್ಷೆ ಇದೆ, ಮತ್ತೆ ಇಂಟರ್ನ್‌ಶಿಪ್ ಇದೆ. ಆ ಅರ್ಹತಾ ಪರೀಕ್ಷೆಯ 2024ರ ಜೂನ್ ಆವೃತ್ತಿಯಲ್ಲಿ ಪಾಸಾದವರು ಸುಮಾರು ಐವರಿಗೆ ಒಬ್ಬರು. ಉಳಿದ ನಾಲ್ವರು ಎಲ್ಲಿ ಹೋದರು? ಅವರಲ್ಲಿ ಹಲವರು ಎರಡನೇ, ಮೂರನೇ ಬಾರಿ ಪರೀಕ್ಷೆ ಬರೆಯುತ್ತಾ, ಹೆಸರಿನ ಮುಂದೆ ಡಾಕ್ಟರ್ ಎಂದು ಬರೆಯಲಾಗದೆ ಮನೆಯಲ್ಲಿದ್ದಾರೆ. ಅವರ ತಂದೆ ಮಾರಿದ ಜಾಗವಂತೂ ಮರಳಿ ಬರುವುದಿಲ್ಲ.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಅಲ್ಲಿ ಸಾವಿರಾರು ಭಾರತೀಯ ವೈದ್ಯಕೀಯ ವಿದ್ಯಾರ್ಥಿಗಳಿದ್ದರು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ನಮ್ಮದೇ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಬದುಕಿ ಮರಳಿದವರದ್ದು ಬೇರೆಯೇ ಕತೆ. ಇಲ್ಲಿನ ಕಾಲೇಜುಗಳು ಅವರನ್ನು ಸೇರಿಸಿಕೊಳ್ಳಲಿಲ್ಲ, ಅವರು ನ್ಯಾಯಾಲಯದ ಬಾಗಿಲು ಬಡಿಯಬೇಕಾಯಿತು. 2024ರ ಮೇ ತಿಂಗಳಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳ ಮೇಲೆ ಗುಂಪು ದಾಳಿ ನಡೆದಾಗ, ಹೊರಗೆ ಬಾರದಿರಿ ಎಂದು ನಮ್ಮ ರಾಯಭಾರ ಕಚೇರಿ ಸೂಚಿಸಬೇಕಾಯಿತು. ಇದನ್ನು ಹೆದರಿಸಲಿಕ್ಕಾಗಿ ಹೇಳುತ್ತಿಲ್ಲ. ದೇಶವನ್ನು ಆಯುವಾಗ ಶುಲ್ಕದ ಪಟ್ಟಿಯ ಜೊತೆಗೆ ಆ ದೇಶದ ಸ್ಥಿತಿಗತಿಯನ್ನೂ ಓದಬೇಕೆಂದು ಹೇಳುತ್ತಿದ್ದೇನೆ. ದೇಶದೊಳಗೆ ಸಾಕಷ್ಟು ಸರಕಾರಿ ಸೀಟುಗಳಿರುತ್ತಿದ್ದರೆ ಇವರಲ್ಲಿ ಎಷ್ಟು ಮಂದಿ ಅಲ್ಲಿಗೆ ಹೋಗುತ್ತಿದ್ದರು ಎಂಬ ಪ್ರಶ್ನೆಯನ್ನು ಆಳುವವರಿಗೂ ಕೇಳಬೇಕಾಗಿದೆ.

ಈಗ ಚಿಕ್ಕದೆಂದು ತೋರುವ, ಆದರೆ ನಮ್ಮ ಸಮುದಾಯವನ್ನು ಬಹಳವಾಗಿ ಕಾಡುವ ಒಂದು ವಿಷಯ: ಹೆಸರು. ಜನನ ಪತ್ರದಲ್ಲಿ ಮುಹಮ್ಮದ್, ಶಾಲೆಯಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಮಹಮ್ಮದ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಎಂಡಿ. ನಮಗೆ ನಾಲ್ಕೂ ಒಂದೇ. ವೀಸಾ ಅಧಿಕಾರಿಗೆ ಅವರು ನಾಲ್ವರು! ತಂದೆಯ ಹೆಸರು ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಪೂರ್ತಿ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಹೆಣ್ಣುಮಕ್ಕಳಿಗೆ ಒಂಟಿ ಹೆಸರಿಡುವುದು ನಮ್ಮಲ್ಲಿ ಸಾಮಾನ್ಯ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ, ಹೆಸರು ತಿಳಿಯದು ಎಂಬ ಅರ್ಥದ ಮೂರಕ್ಷರ ಬೀಳುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಸಂದರ್ಶನ ವೀಸಾದ ಪ್ರವೇಶವನ್ನೇ ತಡೆದಾಗ ನಮ್ಮವರು ವಿಮಾನ ನಿಲ್ದಾಣಗಳಲ್ಲಿ ಪರದಾಡಿದ್ದು ನಿಮಗೆ ನೆನಪಿರಬಹುದು. ಎಂಟು ಒಂಬತ್ತನೇ ತರಗತಿಯಲ್ಲಿ ಮಕ್ಕಳಿರುವ ಹೆತ್ತವರು ನಾಳೆಯೇ ಎಲ್ಲ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ನೋಂದಾಯಿಸುವ ಮೊದಲು ಸರಿಪಡಿಸುವುದು ಸುಲಭ. ಆನಂತರ ಅದು ಅಲೆದಾಟ.

ಹಾಗೆಯೇ ಒಂಬತ್ತನೇ ತರಗತಿಯ ಅಂಕಪಟ್ಟಿ. ಬೋರ್ಡ್ ಪರೀಕ್ಷೆ ಅಲ್ಲವೆಂದು ನಾವು ಅದನ್ನು ಎಲ್ಲೋ ಎಸೆದುಬಿಡುತ್ತೇವೆ. ಅಮೆರಿಕದ ವಿಶ್ವವಿದ್ಯಾನಿಲಯಗಳು ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷಗಳ ಅಂಕಗಳನ್ನೂ ಕೇಳುತ್ತವೆ. ಸ್ಯಾಟ್ ಅಂಕ, ಶಿಕ್ಷಕರ ಪತ್ರ, ವಿದ್ಯಾರ್ಥಿ ತಾನೇ ಬರೆದ ಪ್ರಬಂಧ ಇವೆಲ್ಲ ಎರಡನೇ ಪಿಯುಸಿ ನಡೆಯುತ್ತಿರುವಾಗಲೇ, ನವೆಂಬರ್ ಜನವರಿಗಳ ಗಡುವಿನೊಳಗೆ ತಲುಪಬೇಕು. ನಮ್ಮಲ್ಲಿಯಂತೆ ಫಲಿತಾಂಶ ಬಂದ ಮೇಲೆ ಓಡುವ ಪದ್ಧತಿ ಅಲ್ಲಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂತಹ ಕೆಲವು ಸಂಸ್ಥೆಗಳು ವಿದೇಶಿ ವಿದ್ಯಾರ್ಥಿಯ ಹಣಬಲವನ್ನು ನೋಡದೆ ಆಯ್ಕೆ ಮಾಡಿ, ಆಯ್ಕೆಯಾದ ಬಡವನ ಖರ್ಚನ್ನು ತಾವೇ ಭರಿಸುತ್ತವೆ. ಪ್ರವೇಶ ಬಹಳ ಕಠಿಣ ಎಂಬುದು ನಿಜ. ಆದರೆ ಅರ್ಜಿಯನ್ನೇ ಹಾಕದವನಿಗೆ ಅದು ಅಸಾಧ್ಯ. ಪ್ರಬಂಧವನ್ನು ಹಣ ಕೊಟ್ಟು ಬರೆಸಬೇಡಿ. ಗಲ್ಫ್‌ನಲ್ಲಿರುವ ತಂದೆಯನ್ನು ಎರಡು ವರ್ಷಕ್ಕೊಮ್ಮೆ ನೋಡುತ್ತಾ ಬೆಳೆದ ನಮ್ಮ ಮಕ್ಕಳಿಗೆ ಬರೆಯಲು ವಿಷಯದ ಬರವಿಲ್ಲ.

ಕಮಿಷನ್ ಕೊಡದವರ ಹೆಸರು ಕೇಳಿ ಬರುವುದಿಲ್ಲವೆಂದೆನಲ್ಲ, ಜರ್ಮನಿ ಅದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ವಿದೇಶಿಯರಿಗೂ ಬೋಧನಾ ಶುಲ್ಕವಿಲ್ಲ. ಬಾಡೆನ್ ವುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ಒಂದು ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾನಿಲಯವೂ 2024ರಿಂದ ಶುಲ್ಕ ಆರಂಭಿಸಿದೆ. ಆದರೆ ಪುಕ್ಕಟೆ ಎಂದ ಕೂಡಲೇ ಹಿಗ್ಗಬಾರದು. ನಮ್ಮ ಎರಡನೇ ಪಿಯುಸಿ ಅಲ್ಲಿಯ ಪದವಿಗೆ ಸಾಮಾನ್ಯವಾಗಿ ನೇರ ಅರ್ಹತೆಯಲ್ಲ. ಇಲ್ಲಿ ಒಂದು ವರ್ಷ ಪದವಿ ಓದಿ ತೇರ್ಗಡೆಯಾಗಬೇಕು ಅಥವಾ ಅಲ್ಲಿ ಸ್ಟುಡಿಯನ್‌ಕೊಲೆಗ್ ಎಂಬ ಪೂರ್ವಸಿದ್ಧತಾ ತರಗತಿ ಮುಗಿಸಬೇಕು. ಜೆಇಇ ಅಡ್ವಾನ್ಸ್ಡ್ ತೇರ್ಗಡೆಯಾದವರಿಗೆ ತಾಂತ್ರಿಕ ವಿಷಯಗಳಲ್ಲಿ ನೇರ ದಾರಿಯಿದೆ. ಪದವಿ ಮಟ್ಟದ ಬೋಧನೆ ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿಯೇ ನಡೆಯುವುದರಿಂದ ಭಾಷೆಯನ್ನು ಮೇಲ್ಮಟ್ಟದವರೆಗೆ ಕಲಿಯಬೇಕು. 2022ರ ನವೆಂಬರ್‌ನಿಂದ ನಮ್ಮ ಪ್ರಮಾಣಪತ್ರಗಳಿಗೆ ಎಪಿಎಸ್ ಪರಿಶೀಲನೆ ಕಡ್ಡಾಯವಾಗಿದೆ. ಒಂದು ವರ್ಷದ ಜೀವನ ವೆಚ್ಚಕ್ಕಾಗಿ ಬ್ಯಾಂಕಿನಲ್ಲಿ ತಡೆಖಾತೆ ತೆರೆಯಬೇಕು. ಅದರ ಮೊತ್ತ 2024ರ ಸೆಪ್ಟೆಂಬರ್‌ನಲ್ಲಿ 11,904 ಯೂರೋಗೆ ಏರಿತು, ಅಂದರೆ ಸುಮಾರು ಹನ್ನೆರಡು ಲಕ್ಷ ರೂಪಾಯಿ. ಇದು ಶುಲ್ಕವಲ್ಲ, ತಿಂಗಳು ತಿಂಗಳು ವಿದ್ಯಾರ್ಥಿಯ ಕೈಗೇ ಬರುವ ಹಣ. ಆದರೂ ಅದನ್ನು ಮೊದಲೇ ಜೋಡಿಸಬೇಕು. ಎಸ್‌ಎಸ್‌ಎಲ್‌ಸಿ ರಜೆಯಲ್ಲಿ ಜರ್ಮನ್ ಕಲಿಕೆ ಆರಂಭಿಸಿದ ವಿದ್ಯಾರ್ಥಿಗೆ ಎರಡು ವರ್ಷ ಸಿಗುತ್ತದೆ. ಪಿಯುಸಿ ಫಲಿತಾಂಶದ ಬಳಿಕ ಆರಂಭಿಸಿದವನಿಗೆ ಆ ಎರಡು ವರ್ಷ ನಷ್ಟವಾಗುತ್ತದೆ.

ಹಣದ ಪ್ರಶ್ನೆಗೆ ಬರೋಣ. ಬ್ಯಾಂಕಿನ ಶಿಕ್ಷಣ ಸಾಲ ಬಡ್ಡಿಯದ್ದು. ಆದ್ದರಿಂದ ಅನೇಕ ಕುಟುಂಬಗಳು ಅದರಿಂದ ದೂರ ಉಳಿಯುತ್ತವೆ, ಉಳಿದವರು ಮನಸ್ಸಿನಲ್ಲಿ ಅಳುಕುತ್ತಲೇ ಪಡೆಯುತ್ತಾರೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲದ ಬಡ್ಡಿಯನ್ನು ಓದಿನ ಅವಧಿಯಲ್ಲಿ ತಾನು ತುಂಬುವ ಪಢೋ ಪರದೇಶ್ ಎಂಬ ಯೋಜನೆಯನ್ನು ಕೇಂದ್ರ ಸರಕಾರ 2013-14ರಲ್ಲಿ ಆರಂಭಿಸಿತ್ತು. 2022-23ರಿಂದ ಅದನ್ನು ನಿಲ್ಲಿಸಿಬಿಟ್ಟಿತು. ಒಂದು ಸಣ್ಣ ಬಾಗಿಲು, ಅದೂ ಮುಚ್ಚಿತು. ರಾಜ್ಯದಲ್ಲಿ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವು ವಿದೇಶ ವ್ಯಾಸಂಗಕ್ಕೆ ಸಾಲ ನೀಡುತ್ತದೆ. ಅರ್ಜಿ ಕರೆಯುವ ತಿಂಗಳನ್ನೂ ಆ ವರ್ಷದ ಆದಾಯ ಮಿತಿಯನ್ನೂ ಜಿಲ್ಲಾ ಕಚೇರಿಗೆ ಹೋಗಿ ಕೇಳಿ ತಿಳಿದುಕೊಳ್ಳಿ. ಆದರೆ ಸರಕಾರವನ್ನು ದೂರಿ ಸುಮ್ಮನಿರುವುದು ನಮಗೆ ಶೋಭೆಯಲ್ಲ. ಒಂದು ಮದುವೆಯ ಹಾಲ್, ವೇದಿಕೆಯ ಹೂವು, ಒಂದು ರಾತ್ರಿಯ ಬಿರಿಯಾನಿಗೆ ನಮ್ಮ ಮೊಹಲ್ಲಾಗಳಲ್ಲಿ ಖರ್ಚಾಗುವ ಹಣ ಎಷ್ಟೆಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಜಮಾಅತ್‌ಗಳು ವರ್ಷಕ್ಕೆ ಒಬ್ಬ ವಿದ್ಯಾರ್ಥಿಗಾದರೂ ಬಡ್ಡಿರಹಿತ ಸಾಲ ಕೊಟ್ಟು, ಉದ್ಯೋಗ ಸಿಕ್ಕ ಬಳಿಕ ಮರುಪಾವತಿ ಪಡೆದು ಇನ್ನೊಬ್ಬನಿಗೆ ಕೊಡುವ ವ್ಯವಸ್ಥೆ ಮಾಡಲು ಏನು ಅಡ್ಡಿ? ಲೆಕ್ಕ ಬರೆದಿಡಲು ಒಬ್ಬ ಪ್ರಾಮಾಣಿಕ ಕಾರ್ಯದರ್ಶಿ ಬೇಕು, ಅಷ್ಟೆ. ಅದೇ ಕಷ್ಟ ಎನ್ನುತ್ತೀರಾದರೆ ನಾನು ವಾದಿಸುವುದಿಲ್ಲ.

ಸರ್ ಸೈಯದ್ ಅಹ್ಮದ್ ಖಾನ್ 1869ರಲ್ಲಿ ತಮ್ಮ ಮಕ್ಕಳೊಂದಿಗೆ ಇಂಗ್ಲೆಂಡಿಗೆ ಹೋದರು. ಮಗ ಸೈಯದ್ ಮಹ್ಮೂದ್‌ಗೆ ಅಲ್ಲಿ ಓದಲು ಸರಕಾರಿ ವಿದ್ಯಾರ್ಥಿವೇತನ ದೊರೆತಿತ್ತು. ಐವತ್ತು ದಾಟಿದ ಆ ತಂದೆ ಮಗನನ್ನು ಬಿಟ್ಟು ಕೂಡಲೇ ಮರಳಲಿಲ್ಲ. ಅಲ್ಲಿಯ ವಿದ್ಯಾಲಯಗಳು ಹೇಗೆ ನಡೆಯುತ್ತವೆಂದು ತಾವೇ ನೋಡಿ ಅರಿತರು. ನೀವು ಅಷ್ಟು ದೂರ ಹೋಗಬೇಕಾಗಿಲ್ಲ. ಮಗ ಹೇಳುವ ಕಾಲೇಜಿನ ಹೆಸರು, ಅದಿರುವ ಊರು, ಅಲ್ಲಿ ಒಂದು ಕೋಣೆಯ ಬಾಡಿಗೆ, ಇಷ್ಟನ್ನಾದರೂ ಕೇಳಿ ತಿಳಿಯಬಹುದಲ್ಲವೇ? ಅಮ್ಮಂದಿರೇ, ಹುಡುಗನಿಗೆ ಅನ್ನ ಬೇಯಿಸಲು, ಬಟ್ಟೆ ಒಗೆಯಲು ಕಲಿಸಿರಿ. ಹೊರಡುವ ಮುನ್ನಾದಿನವಲ್ಲ, ಇವತ್ತಿನಿಂದ.

ಹೆಣ್ಣುಮಕ್ಕಳ ವಿಷಯದಲ್ಲಿ ಹೆತ್ತವರಿಗೆ ಆತಂಕವಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಂದು ಮಾತು ಕೇಳಿ. 14ನೇ ಶತಮಾನದಲ್ಲಿ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳನ್ನು ಕಂಡೆನೆಂದೂ ಬೇರೆಲ್ಲೂ ಇದನ್ನು ಕಾಣಲಿಲ್ಲವೆಂದೂ ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಅರ್ಧ ಜಗತ್ತನ್ನು ಸುತ್ತಿದವನಿಗೆ ಅಚ್ಚರಿ ಎನಿಸಿದ್ದು ನಮ್ಮ ಕರಾವಳಿಯ ಹೆಣ್ಣುಮಕ್ಕಳ ಕಲಿಕೆ! 2022ರಲ್ಲಿ ಅದೇ ಕರಾವಳಿಯ ಉಡುಪಿಯಲ್ಲಿ ಆರಂಭವಾದ ಶಿರವಸ್ತ್ರದ ವಿವಾದದಿಂದ ಎಷ್ಟೋ ಹುಡುಗಿಯರು ಪರೀಕ್ಷೆಯಿಂದಲೇ ಹೊರಗುಳಿದರು. ಹೊರಗಿನವರು ಮುಚ್ಚಿದ ಬಾಗಿಲಿನ ಬಗ್ಗೆ ನಾವು ಸಾಕಷ್ಟು ಮಾತಾಡಿದ್ದೇವೆ. ಮಗನಿಗಾಗಿ ಜಾಗ ಮಾರುವ ಮನೆ, ಅವನಿಗಿಂತ ಹೆಚ್ಚು ಅಂಕ ಪಡೆದ ಮಗಳಿಗೆ ಊರಿನ ಕಾಲೇಜೇ ಸಾಕು ಎನ್ನುವಾಗ ಬಾಗಿಲು ಮುಚ್ಚುತ್ತಿರುವವರು ಯಾರು? ಮಗಳು ಈ ವರ್ಷ ಹೋಗಲಾಗದಿದ್ದರೆ ಇಲ್ಲಿ ಪದವಿ ಮುಗಿಸಿ ಸ್ನಾತಕೋತ್ತರಕ್ಕೆ ಹೋಗಲಿ. ಆಗ ವಯಸ್ಸು, ವಿವೇಕ ಎರಡೂ ಜೊತೆಗಿರುತ್ತವೆ. ಹಾಗೆ ನೋಡಿದರೆ ಬಹಳಷ್ಟು ಗಂಡುಮಕ್ಕಳಿಗೂ ಅದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇನ್ನು ಪ್ರಶ್ನೆಗಳಿಗೆ ಸಮಯವಿದೆ. ದಾಖಲೆಗಳನ್ನು ತಂದವರು ಕೈಯಲ್ಲೇ ಹಿಡಿದಿರಿ, ಹೆಸರುಗಳನ್ನು ಒಟ್ಟಿಗೆ ನೋಡೋಣ. ಹೆತ್ತವರು ಆಮೇಲೆ ಕೇಳಲಿ, ಮೊದಲು ವಿದ್ಯಾರ್ಥಿಗಳು ಕೇಳಲಿ.