ಏಟು ತಡೆಯುವ ತೊಲೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



2018ರ ಮಾರ್ಚ್ 1ರಂದು ಉದ್ಘಾಟನೆಯಾದ ಸೌರ ಪಾರ್ಕಿನಿಂದ ತಿರುಮಣಿಯ ಹೆಸರು ದೂರದವರಿಗೂ ತಿಳಿಯಿತು. ನಾನಿಂದು ಹೇಳುವುದು ನಮ್ಮ ತಲೆಯ ಮೇಲಿರುವ ತೊಲೆಯ ವಿಷಯ.

ಪಾವಗಡ ಸೀಮೆಯಲ್ಲಿ ಮಳೆಗೆ ಬರವಿರಬಹುದು, ಕಲ್ಲಿಗೆ ಬರವಿಲ್ಲ. ಕಲ್ಲುಚಪ್ಪಡಿ ಇಟ್ಟ ಭಾರವನ್ನು ತಲೆಮಾರುಗಟ್ಟಲೆ ಹೊರುತ್ತದೆ. ಆದರೆ ಮೇಲಿಂದ ಗುಂಡುಕಲ್ಲು ಬಿದ್ದರೆ ಸೂಚನೆ ಕೊಡದೆ ಎರಡು ತುಂಡಾಗುತ್ತದೆ. ಕಬ್ಬಿಣ ಹಾಕಿದ ಕಾಂಕ್ರೀಟ್ ತೊಲೆ ಹಾಗಾಗಬಾರದು.

ಇಟ್ಟ ಭಾರ ಬೇರೆ, ಬಿದ್ದ ಭಾರ ಬೇರೆ. ಮೆಲ್ಲಗೆ ಇಟ್ಟ ಭಾರಕ್ಕೆ ತೊಲೆ 1 ಮಿ.ಮೀ. ಬಾಗುತ್ತದೆ ಎನ್ನೋಣ. ಅದೇ ಭಾರವನ್ನು ತೊಲೆಗೆ ತಾಗಿಸಿ ಒಮ್ಮೆಲೇ ಕೈಬಿಟ್ಟರೆ ಪರಿಣಾಮ 2 ಪಟ್ಟು. ಸರಳ ಲೆಕ್ಕದಲ್ಲಿ, 12 ಮಿ.ಮೀ. ಎತ್ತರದಿಂದ ಬಿದ್ದರೆ 6 ಪಟ್ಟು, 60 ಮಿ.ಮೀ. ಎತ್ತರದಿಂದ ಬಿದ್ದರೆ 12 ಪಟ್ಟು.

ಸೇತುವೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮವಿದೆ. 9 ಮೀಟರ್ ಅಂಕಣದ ಕಾಂಕ್ರೀಟ್ ಸೇತುವೆಯಲ್ಲಿ ಕ್ಲಾಸ್ ಎ ವಾಹನಭಾರಕ್ಕೆ, 4.5ನ್ನು 15ರಿಂದ ಭಾಗಿಸಿ, ಶೇ. 30 ಸೇರಿಸಬೇಕು. ಲಿಫ್ಟ್ ಹೊರುವ ಚೌಕಟ್ಟಿಗೆ ಐ.ಎಸ್. 875 ಶೇ. 100 ಸೇರಿಸಲು ಹೇಳುತ್ತದೆ. ಆದರೆ ಬಂಡೆ ಬೀಳುವ, ಲಾರಿ ಗುದ್ದುವ ಕಡೆ ಇಷ್ಟು ಸಾಲದು. ಅಲ್ಲಿ ತೊಲೆ ಮುರಿಯದೆ ಬಾಗಿ ಏಟಿನ ಶಕ್ತಿಯನ್ನು ನುಂಗಬೇಕು.

ಅದಕ್ಕೆ ಕೆಳಗಿನ ಸರಳನ್ನು ದಪ್ಪ ಮಾಡಿದರೆ ಸಾಲದು. ಏಟು ಬಿದ್ದಾಗ ತೊಲೆ ಬಾಗುವ ಮೊದಲೇ ಓರೆಯಾಗಿ ಬಿರುಕು ಬಿಟ್ಟು ಕತ್ತರಿಸಿಹೋಗಬಹುದು. ಅದನ್ನು ತಡೆಯುವುದು ರಿಂಗು. ಏಟಿನ ನಂತರ ತೊಲೆ ಮೇಲಕ್ಕೂ ಪುಟಿಯುವುದರಿಂದ ಮೇಲುಭಾಗದಲ್ಲೂ ಉದ್ದಕ್ಕೂ ಸರಳು ಬೇಕು. ಭೂಕಂಪಕ್ಕಾಗಿ ಬರೆದ ಐ.ಎಸ್. 13920 ಇಲ್ಲಿಯೂ ದಾರಿ ತೋರುತ್ತದೆ. ಅದರ 2016ರ ಆವೃತ್ತಿಯಂತೆ ತೊಲೆಯ ತುದಿಗಳಲ್ಲಿ ರಿಂಗುಗಳ ಅಂತರ 100 ಮಿ.ಮೀ. ಮೀರಬಾರದು, ಕೊಕ್ಕೆ 135 ಡಿಗ್ರಿ ಒಳಕ್ಕೆ ಬಾಗಿರಬೇಕು. 90 ಡಿಗ್ರಿಗೆ ಬಿಟ್ಟ ಕೊಕ್ಕೆ, ಹೊರಗಿನ ಕಾಂಕ್ರೀಟ್ ಸಿಡಿದೊಡನೆ ಬಿಚ್ಚಿಕೊಳ್ಳುತ್ತದೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಇಂಜಿನಿಯರಾಗುತ್ತೀರಿ, ಕೆಲವರು ಮೇಸ್ತ್ರಿಗಳಾಗುತ್ತೀರಿ. ನಕ್ಷೆ ಬರೆಯುವವನೂ ಸರಳು ಕಟ್ಟುವವನೂ ಒಂದೇ ತೊಲೆಗೆ ಹೊಣೆ. ಕಾಂಕ್ರೀಟ್ ಸುರಿದ ಮೇಲೆ ಕೊಕ್ಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಸುರಿಯುವ ಮೊದಲೇ ಎಣಿಸಿ, ಅಳೆಯಿರಿ. ಬಾಗುವ ತೊಲೆ ಕೆಳಗಿದ್ದವರಿಗೆ ಓಡಲು ಸಮಯ ಕೊಡುತ್ತದೆ, ಒಮ್ಮೆಲೇ ಮುರಿಯುವ ತೊಲೆ ಕೊಡುವುದಿಲ್ಲ.