ಕೆರಿ ನೀರು ಎಲ್ಲರದು, ಕಂಪ್ಯೂಟರಿನ ಅಕ್ಷರಾನೂ ಎಲ್ಲರದು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಾನು ಇವತ್ತು ಮಾತಾಡೋ ವಿಷಯ "ಸರ್ಕಾರಿ ಸಂಸ್ಥೆಗಳು ಮತ್ತು ಮುಕ್ತ ತಂತ್ರಾಂಶ". ಹೆಸರು ಕೇಳಿ ಗೆಳೆಯರು, "ಇದಕ್ಕೂ ನಮ್ಮ ಓಣಿಗೂ ಏನೋ ಸಂಬಂಧ?" ಅಂತ ನಕ್ಕರು. ಸಂಬಂಧ ಅದರಿ.

ಹೋದ ವರ್ಷ ಜಯಂತಿಗೆ ಕನ್ನಡದಾಗ ಕರೆಪತ್ರ ಮಾಡಿಸಿದೆವು. ಒಂದು ಅಂಗಡಿಯಾಗ ಟೈಪ್ ಆಯ್ತು, ಚಂದ ಕಂಡಿತು. ಪೆನ್‌ಡ್ರೈವಿನಾಗ ಹಾಕ್ಕೊಂಡು ಪ್ರಿಂಟ್ ಮಾಡೋ ಕಡೆ ಒಯ್ದೆ. ಅಲ್ಲಿ ತೆರೆದು ನೋಡಿದರ ಬಾಬಾಸಾಹೇಬರ ಹೆಸರಿದ್ದ ಜಾಗದಾಗ ಇಂಗ್ಲಿಷ್ ಅಕ್ಷರ, ಚೌಕ, ಪ್ರಶ್ನೆ ಚಿಹ್ನೆ! "ಆ ಫಾಂಟ್ ನಮ್ಮಲ್ಲಿ ಇಲ್ಲ" ಅಂದರು. ಮತ್ತೆ ಮೊದಲಿಂದ ಟೈಪ್ ಮಾಡಿಸಿ ಎರಡನೇ ಸಲ ರೊಕ್ಕ ಕೊಟ್ಟೆವು.

ಯಾಕೆ ಹಿಂಗಾಯ್ತು? ಹಳೇ ಪದ್ಧತಿಯೊಳಗೆ ಒಂದೊಂದು ಕಂಪನಿ ತನಗೆ ತಿಳಿದಂಗ ಇಂಗ್ಲಿಷ್ ಅಕ್ಷರದ ಜಾಗದಾಗ ಕನ್ನಡದ ಚಿತ್ರ ಕೂಡಿಸ್ತಿತ್ತು. ಅದೇ ಫಾಂಟ್ ಇದ್ದರ ಕನ್ನಡ, ಇಲ್ಲದಿದ್ದರ ಗೀಚು. ಯೂನಿಕೋಡ್ ಹಂಗಲ್ಲ. ಅದರಾಗ ಲೋಕದ ಬಹಳಷ್ಟು ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಕಾಯಂ ಸಂಖ್ಯೆ. ನಮ್ಮ "ಕ" ಅಂದರ 3221. ತುರೋರಿಯಾಗ ಆಗಲಿ, ದುಬೈದಾಗ ಆಗಲಿ, 3221 ಅಂದರ "ಕ"ನೇ. 1991ರಾಗ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡವೂ ಇತ್ತು, ಮರಾಠಿ ಬರೆಯೋ ದೇವನಾಗರಿಯೂ ಇತ್ತು. ಸಂತ್ಯಾಗ ಎಲ್ಲರ ಕಿಲೋ ಕಲ್ಲೂ ಒಂದೇ ತೂಕ ಇರಬೇಕಲ್ಲಾ, ಹಂಗ. ಯಾರು ಬೇಕಾದರೂ ನೋಡಿ, ಬಳಸಬಹುದಾದ ಇಂಥ ಅಳತೆಗೇ ಓಪನ್ ಸ್ಟ್ಯಾಂಡರ್ಡ್, ಮುಕ್ತ ಮಾನಕ ಅಂತಾರ.

ಇನ್ನು ಮುಕ್ತ ತಂತ್ರಾಂಶ. ಮುಕ್ತ ಅಂದರ ಫುಕಟ್ ಅಲ್ರಿ. ಅಮೆರಿಕಾದ ರಿಚರ್ಡ್ ಸ್ಟಾಲ್‌ಮನ್ 1983ರಾಗ ಈ ಕೆಲಸ ಶುರು ಮಾಡಿದರು. ತಂತ್ರಾಂಶವನ್ನು ಯಾವ ಕೆಲಸಕ್ಕಾದರೂ ಬಳಸೋದು, ಒಳಗೆ ಹೆಂಗ ನಡೀತದ ಅಂತ ನೋಡಿ ಬದಲಾಯಿಸೋದು, ನಾಕು ಮಂದಿಗೆ ಹಂಚೋದು, ಬದಲಾಯಿಸಿದ್ದನ್ನೂ ಹಂಚೋದು. ಈ ನಾಕೂ ಹಕ್ಕು ಬಳಸೋರಿಗೆ ಇದ್ದರ ಅದು ಮುಕ್ತ. ಲಿನಕ್ಸ್, ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಇಂಥವು.

ಈಗ ನಮ್ಮ ಇತಿಹಾಸಕ್ಕೆ ಬರ್ತೀನಿ. 1923ರಾಗ ಮುಂಬೈ ವಿಧಾನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆ ಅವರು ಒಂದು ಠರಾವು ತಂದರು. ಸಾರ್ವಜನಿಕರ ರೊಕ್ಕದಿಂದ ಕಟ್ಟಿದ, ನಡೆಸೋ ಕೆರಿ, ಬಾವಿ, ಧರ್ಮಶಾಲೆ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. 1924ರಾಗ ಮಹಾಡ್ ನಗರಪಾಲಿಕೆ ಚವದಾರ್ ಕೆರಿ ಎಲ್ಲರಿಗೂ ತೆರೆದದ್ದು ಅಂತ ಕಾಗದದ ಮ್ಯಾಲೆ ಬರೀತು. ಆದರ ನೀರು ಮುಟ್ಟಲಿಕ್ಕೆ 1927ರ ಮಾರ್ಚ್ 20 ಬರಬೇಕಾಯ್ತು. ಅವತ್ತು ಬಾಬಾಸಾಹೇಬರು ಸಾವಿರಾರು ಮಂದಿ ಜೊತೆ ನಡೆದು ಹೋಗಿ ಬೊಗಸೆ ನೀರು ಕುಡಿದರು. ಆಮೇಲೂ ಕೋರ್ಟಿನಾಗ ಕೇಸು ನಡೀತು, 1937ರಾಗ ಹೈಕೋರ್ಟ್ ತೀರ್ಪು ನಮ್ಮ ಕಡೆ ಬಂತು.

ಕಂಪ್ಯೂಟರನ್ನ ಆ ಕೆರಿಗೆ ಸಮ ಮಾಡ್ತಿಲ್ರಿ. ಆ ಅವಮಾನ ಬ್ಯಾರೆ, ಆ ಹೋರಾಟ ಬ್ಯಾರೆ. ಆದರ ಅಲ್ಲಿಯ ತತ್ವ ಇಲ್ಲೂ ನಿಲ್ಲತದ: ಸಾರ್ವಜನಿಕರ ರೊಕ್ಕದಿಂದ ಆದದ್ದು ಸಾರ್ವಜನಿಕರಿಗೆ ತೆರೆದಿರಬೇಕು. ಸರ್ಕಾರದ ಅರ್ಜಿ ತುಂಬಲಿಕ್ಕೆ ನಾನು ಮೊದಲು ಒಂದು ಕಂಪನಿಯ ತಂತ್ರಾಂಶ ಕೊಳ್ಳಬೇಕು ಅಂದರ, ಸರ್ಕಾರದ ಬಾಗಿಲಿಗೆ ಬ್ಯಾರೇಯವರ ಬೀಗ ಹಾಕಿದಂಗ ಆಯ್ತಲ್ಲಾ? ರೊಕ್ಕ ಇದ್ದವ ತೆಗೀತಾನ. ಇಲ್ಲದವ ಕಳ್ಳ ಕಾಪಿ ಹಾಕ್ಕೊಂಡು ಅಂಜಿಕೊಂಡು ಕೂಡ್ತಾನ.

ಇಲ್ಲೂ ಕಾಗದ ಆಗಲೇ ಅದ. ಕೇಂದ್ರ ಸರ್ಕಾರ 2010ರಾಗ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿ ತಂತು. 2015ರಾಗ ತನ್ನ ಇ-ಆಡಳಿತದ ಕೆಲಸದೊಳಗೆ ಓಪನ್ ಸೋರ್ಸ್ ತಂತ್ರಾಂಶಕ್ಕೇ ಮೊದಲ ಆದ್ಯತೆ ಅಂತ ಇನ್ನೊಂದು ನೀತಿ ತಂತು. ಆದರ 1924ರ ಕಾಗದ ತಾನಾಗಿ ನೀರು ಕುಡಿಸಲಿಲ್ಲ. ನಾವು ಹೋಗಿ ಕೇಳದಿದ್ದರ ಈ ಕಾಗದಾನೂ ಫೈಲಿನಾಗೇ ಇರ್ತದ.

ಕೇಳಿದ ಕಡೆ, ಮಾಡಿದ ಕಡೆ ಏನಾಗ್ಯಾದ ನೋಡ್ರಿ. ಕೇರಳದ ಸರ್ಕಾರಿ ಶಾಲೆಗಳಾಗ ಕಂಪ್ಯೂಟರ್ ಪಾಠ ಮುಕ್ತ ತಂತ್ರಾಂಶದ ಮ್ಯಾಲೇ ನಡೀತದ. ನಮ್ಮಂಗೇ ಗಡಿಯಾಗ ಇರೋ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಕಲೀತಾರ. ಬೆಂಗಳೂರಿನ ಸುದರ್ಶನ ಲೇಔಟ್ ಸ್ಲಮ್ಮಿನಾಗ ಮುಕ್ತ ತಂತ್ರಾಂಶದ ಕಾರ್ಯಕರ್ತರು, ಓಣಿಯ ಹುಡುಗರು ಕೂಡಿ ಒಂದು ಕಂಪ್ಯೂಟರ್ ಕೇಂದ್ರ ನಡೆಸಿದರು. ಅದಕ್ಕೆ ಇಟ್ಟ ಹೆಸರು ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್. ಅಲ್ಲಿಯ ಮಕ್ಕಳು ಗಿಂಪ್ ಅನ್ನೋ ಮುಕ್ತ ತಂತ್ರಾಂಶದಾಗ ಚಿತ್ರ ಬರೆದರು.

"ನೌಕರಿಗೆ ಹೋದರ ಅಲ್ಲಿ ಬ್ಯಾರೇನೇ ಇರ್ತದಲ್ಲಾ?" ಅಂತ ಕೇಳ್ತೀರಿ. ಖರೆ, ಬಹಳ ಕಡೆ ಇರ್ತದ. ಅದನ್ನೂ ಕಲಿಯೋಣ, ಬ್ಯಾಡ ಅನ್ನೋದಿಲ್ಲ. ಆದರ ಪತ್ರ ಟೈಪ್ ಮಾಡೋದು, ಲೆಕ್ಕದ ಪಟ್ಟಿ ಹಾಕೋದು ಒಂದರಾಗ ಬಂದರ ಇನ್ನೊಂದು ವಾರದಾಗ ಬರ್ತದ. ಒಂದು ಕಂಪನಿಯ ಗಾಡಿ ಕಲಿತವ ಇನ್ನೊಂದು ಹೊಡೆಯೋದಿಲ್ಲೇನು?

ಅದಕ್ಕ ಸಂಘದ ಮುಂದೆ ನನ್ನ ಮೂರು ಸೂಚನೆ.

ಒಂದು, ನಮ್ಮ ಮನೆಯಿಂದಲೇ ಶುರು. ಸಂಘದ ಠರಾವು, ಹೆಸರಿನ ಪಟ್ಟಿ, ಕರೆಪತ್ರ ಎಲ್ಲಾ ಯೂನಿಕೋಡಿನಾಗೇ ಇರಲಿ. ಹತ್ತು ವರ್ಷ ಬಿಟ್ಟು ನಮ್ಮ ತಮ್ಮಂದಿರು ತೆರೆದರೂ ಓದಲಿಕ್ಕೆ ಬರಬೇಕು.

ಎರಡು, ಯಾರ ಮನೆಯಾಗಾದರೂ ಹಳೇ ಕಂಪ್ಯೂಟರ್ ಸುಮ್ಮನೆ ಬಿದ್ದಿದ್ದರ ಸಂಘಕ್ಕ ಕೊಡ್ರಿ. ಲಿನಕ್ಸ್, ಲಿಬ್ರೆ ಆಫೀಸ್ ಹಾಕಿ ಸಂಜೀಕಡೆ ಮಕ್ಕಳಿಗೆ ಕನ್ನಡ, ಮರಾಠಿ ಎರಡೂ ಟೈಪ್ ಮಾಡೋದು ಕಲಿಸೋಣ. ರವಿವಾರ ನಾನು ಬರ್ತೀನಿ.

ಮೂರು, ಗ್ರಾಮಸಭೆಯಾಗ ಬರವಣಿಗೆಯಲ್ಲಿ ಕೇಳೋಣ. ಶಾಲೆಗೆ, ಗ್ರಂಥಾಲಯಕ್ಕೆ ಕಂಪ್ಯೂಟರ್ ತರುವಾಗ ಮುಕ್ತ ತಂತ್ರಾಂಶ ಇರಲಿ, ಪಂಚಾಯತಿಯ ಅರ್ಜಿ-ನಮೂನೆ ಯಾರ ಮೊಬೈಲಿನಾಗಾದರೂ ತೆರೆಯುವಂಗ ಇರಲಿ ಅಂತ. ಇದು ಬೇಡೋ ಮಾತಲ್ಲ, ಸರ್ಕಾರ ಬರೆದ ಮಾತು.

ನಮ್ಮ ಅಜ್ಜ-ಮುತ್ತಜ್ಜರಿಗೆ ಪಾಟಿ ಮುಟ್ಟಲಿಕ್ಕೆ ಬಿಡಲಿಲ್ಲ. ಅಕ್ಷರ ಕೈಗೆ ಬರಲಿಕ್ಕೆ ಬಹಳ ಮಂದಿ ಬಹಳ ನೋವು ತಿಂದಾರ. ಈಗ ಆ ಅಕ್ಷರ ಕಂಪ್ಯೂಟರಿನಾಗ ಹೋಗ್ಯಾದ. ಅಲ್ಲಿ ಅದಕ್ಕೆ ಮತ್ತೊಬ್ಬ ಒಡೆಯ ಆಗಬಾರದು. ಇಷ್ಟೇ ನನ್ನ ಮಾತು.

ಜೈ ಭೀಮ್, ಜೈ ಸಂವಿಧಾನ.