ಸಾಂಬ್ರಾದಿಂದ ಹುಬ್ಬಳ್ಳಿಗೆ ಎಷ್ಟು ದೂರ?

(ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ನಿಮ್ಮೂರಿಗೆ ಹತ್ತಿರದ ವಿಮಾನ ನಿಲ್ದಾಣ ಬೆಳಗಾವಿಯ ಸಾಂಬ್ರಾ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಅದನ್ನು ಕಟ್ಟಿತು. ಅದರ ಆಗ್ನೇಯಕ್ಕೆ ಹುಬ್ಬಳ್ಳಿಯ ನಿಲ್ದಾಣವಿದೆ. ಇವೆರಡರ ನಡುವಣ ವಾಯುಮಾರ್ಗದ ದೂರವನ್ನು ವಿದ್ಯಾರ್ಥಿಗಳು ಭೂಪಟದಿಂದಲೇ ಲೆಕ್ಕ ಹಾಕಬಹುದು. ಅಕ್ಷಾಂಶದಲ್ಲಿ ಸುಮಾರು ಅರ್ಧ ಡಿಗ್ರಿಯ ವ್ಯತ್ಯಾಸ, ಅಂದರೆ 55 ಕಿ.ಮೀ.; ರೇಖಾಂಶದಲ್ಲಿ ಅದಕ್ಕಿಂತ ತುಸು ಕಡಿಮೆ, ಅಂದರೆ 50 ಕಿ.ಮೀ. ಲಂಬಕೋನ ತ್ರಿಭುಜದ ವಿಕರ್ಣವನ್ನು ಕಂಡುಹಿಡಿದರೆ ಉತ್ತರ ಸುಮಾರು 74 ಕಿ.ಮೀ.

ಗಂಟೆಗೆ 500 ಕಿ.ಮೀ. ಸಾಗುವ ವಿಮಾನಕ್ಕೆ ಇದು ಒಂಬತ್ತೇ ನಿಮಿಷದ ಹಾದಿ. ಆದರೆ ಭಾಗಾಕಾರದ ಲೆಕ್ಕಕ್ಕೆ ವಿಮಾನ ಏರಬೇಕು, ಇಳಿಯಬೇಕು ಎಂಬುದು ಗೊತ್ತಿಲ್ಲ. ಮೂವತ್ತು ಸಾವಿರ ಅಡಿ ಎತ್ತರದಲ್ಲಿರುವ ಜೆಟ್ ವಿಮಾನವು ನಿಲ್ದಾಣ ಇನ್ನೂ 165 ಕಿ.ಮೀ.ಯಷ್ಟು ದೂರದಲ್ಲಿರುವಾಗಲೇ ಇಳಿಯತೊಡಗುತ್ತದೆ. ಹೀಗಿರುವಾಗ ಸಾಂಬ್ರಾದಿಂದ ಎದ್ದ ವಿಮಾನಕ್ಕೆ ಹುಬ್ಬಳ್ಳಿಯೊಳಗೆ ಆ ಎತ್ತರ ಮುಟ್ಟಲು ಅವಕಾಶವೆಲ್ಲಿದೆ? ಇಂಧನ ಅತಿ ಹೆಚ್ಚು ವ್ಯಯವಾಗುವುದು ಏರುವಾಗ. ಮಿತವ್ಯಯವಾಗುವುದು ಮೇಲಿನ ತೆಳುಗಾಳಿಯಲ್ಲಿ. ಹಾದಿ ಮೊಟಕಾದಷ್ಟೂ ಪ್ರತಿ ಕಿ.ಮೀ.ಗೆ ಸುಡುವ ಇಂಧನ ಹೆಚ್ಚು. ಹೊಗೆಯೂ ಅಷ್ಟೇ.

ಬೆಂಗಳೂರಿನಲ್ಲಿ ವಿಮಾನ ಬದಲಿಸಿ ಹೋಗುವೆನೆಂದರೆ ಲೆಕ್ಕ ಇನ್ನೂ ವಿಚಿತ್ರ. ಸಾಂಬ್ರಾದಿಂದ ಅಲ್ಲಿಗೆ ಸುಮಾರು 445, ಅಲ್ಲಿಂದ ಹುಬ್ಬಳ್ಳಿಗೆ 370. ಒಟ್ಟು 815 ಕಿ.ಮೀ. ಅಜ್ಜನ ಕಾಲದ ಚಕ್ಕಡಿಯವನೂ ಇಂಥ ಸುತ್ತು ಹಾಕುತ್ತಿರಲಿಲ್ಲ! ಅದರ ಮೇಲೆ ಮನೆಯಿಂದ ಸಾಂಬ್ರಾ ತಲುಪುವ ಹೊತ್ತು, ಗಂಟೆಗೆ ಮುಂಚೆಯೇ ಮುಗಿಸಬೇಕಾದ ಹಾಜರಿ, ತಪಾಸಣೆ, ನಡುವಿನ ಕಾಯುವಿಕೆ. ಪ್ರಯಾಣಕಾಲ ಆರಂಭವಾಗುವುದು ವಿಮಾನದ ಬಾಗಿಲಲ್ಲಿ ಅಲ್ಲ, ನಮ್ಮ ಹೊಸ್ತಿಲಲ್ಲಿ. ಬೆಳಗಾವಿಯಿಂದ ಹೆದ್ದಾರಿಯ ಬಸ್ಸು ಸುಮಾರು ಎರಡು ಗಂಟೆಯಲ್ಲಿ ಹುಬ್ಬಳ್ಳಿ ಸೇರಿಸುತ್ತದೆ.

ಹಾಗೆಂದು ವಿಮಾನವೇ ಬೇಡವೆಂದು ನಾನು ವಾದಿಸುವುದಿಲ್ಲ. ದೆಹಲಿಗೆ ತುರ್ತಾಗಿ ಹೋಗಬೇಕಾದವರ ಮಾತು ಬೇರೆ. ನೂರು ಕಿ.ಮೀ. ಆಸುಪಾಸಿನ ಊರುಗಳ ನಡುವೆ ನಾವು ಕೇಳಬೇಕಾದದ್ದು ರೈಲನ್ನು. ಆದರೆ ಇಂದಿಗೂ ಬೆಳಗಾವಿಯ ರೈಲು ಖಾನಾಪುರದ ಕಾಡಂಚಿನ ಲೋಂಡಾಕ್ಕೆ ಇಳಿದು, ಅಲ್ಲಿಂದ ಪೂರ್ವಕ್ಕೆ ತಿರುಗಿ ಧಾರವಾಡಕ್ಕೆ ಹೋಗುತ್ತದೆ. ಸುಮಾರು 120 ಕಿ.ಮೀ. ಗೋಕಾಕ ರೋಡ್ ನಿಲ್ದಾಣದಲ್ಲಿ ಹತ್ತಿದವರಿಗೂ ಇದೇ ಸುತ್ತು. ಕಿತ್ತೂರಿನ ಮೂಲಕ ಯೋಜಿಸಿರುವ ನೇರ ಮಾರ್ಗ ಸುಮಾರು 73 ಕಿ.ಮೀ.

ಆ ನೇರ ಗೆರೆಯೂ ಹೊಲಗಳ ಮೇಲೆಯೇ ಬೀಳುತ್ತದೆ. ಫಲವತ್ತಾದ ಜಮೀನು ಬಿಟ್ಟು ಬರಡು ನೆಲದ ಮೇಲೆ ಹಳಿ ಹಾಕಿರೆಂದು ಅಲ್ಲಿನ ರೈತರು ಕೇಳಿದ್ದಾರೆ. ಅದರಿಂದ ಮಾರ್ಗ ನಾಲ್ಕಾರು ಕಿ.ಮೀ. ಉದ್ದವಾದರೆ ರೈಲಿಗೆ ತಗಲುವುದು ಕೆಲವೇ ನಿಮಿಷ. ಆ ನಿಮಿಷಗಳನ್ನು ಕೊಡಲು ಪ್ರಯಾಣಿಕರಾದ ನಾವು ಸಿದ್ಧರಿದ್ದೇವೆಯೇ ಎಂಬುದನ್ನು ನಿಮ್ಮೊಡನೆ ಚರ್ಚಿಸಲೆಂದೇ ಬಂದಿದ್ದೇನೆ.